ಇಸಬ್‌ಗೋಲ್ ಮತ್ತು ಸೋನಾಮುಖಿ

ಮಲಬದ್ಧತೆ ನೀಗಿಸಲು ಬಳಸುವ ಎರಡು ಸಸ್ಯಮೂಲ ವಿರೇಚಕಗಳು. ಇವು ಕೆಲಸ ಮಾಡುವ ಬಗೆ ಬೇರೆ ಬೇರೆ.

ಇಸಬ್‌ಗೋಲ್: ಗುಜರಾತ್, ರಾಜಸ್ಥಾನಗಳಲ್ಲಿ ಬೆಳೆಯುವ ಪ್ಲಾಂಟಾಗೊ ಓವೇಟ ಗಿಡದ ಬೀಜದ ಹೊಟ್ಟು. ಕರುಳಿನಲ್ಲಿ ನೀರು ಹೀರಿ, ಲೋಳೆಯಾಗಿ ಉಬ್ಬಿ, ಮಲದ ಗಾತ್ರ ಹೆಚ್ಚಿಸಿ ಮೆದುವಾಗಿಸುತ್ತದೆ. ಪರಿಣಾಮಕ್ಕೆ 12ರಿಂದ 72 ಗಂಟೆ ಬೇಕು. ಸಾಕಷ್ಟು ನೀರು ಕುಡಿಯದಿದ್ದರೆ ಗಂಟಲಿನಲ್ಲೋ ಕರುಳಿನಲ್ಲೋ ಕಟ್ಟಿಕೊಳ್ಳಬಹುದು.

ಸೋನಾಮುಖಿ (ನೆಲಾವರಿಕೆ): ಎಲೆ, ಕಾಯಿಗಳಲ್ಲಿರುವ ಸೆನ್ನೊಸೈಡ್‌ಗಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ರೈನ್ ಆಂತ್ರೋನ್ ಆಗಿ ಒಡೆಯುತ್ತವೆ. ಅದು ಕರುಳಿನ ಚಲನೆಯನ್ನು ಪ್ರಚೋದಿಸಿ, ನೀರಿನ ಹೀರಿಕೆಯನ್ನು ತಗ್ಗಿಸುತ್ತದೆ. 6ರಿಂದ 12 ಗಂಟೆಗಳಲ್ಲಿ ಫಲ ಕಾಣುವುದರಿಂದ ರಾತ್ರಿ ಸೇವಿಸುವುದು ರೂಢಿ. ಹೊಟ್ಟೆನುಲಿತ ಬರಬಹುದು, ಅತಿಬಳಕೆಯಿಂದ ರಕ್ತದ ಪೊಟ್ಯಾಸಿಯಮ್ ಕುಸಿಯಬಹುದು.

ದೀರ್ಘ ಬಳಕೆಗೆ ಮೊದಲನೆಯದು, ಅಲ್ಪಾವಧಿಗೆ ಎರಡನೆಯದು ಸೂಕ್ತ. ಕರುಳು ಕಟ್ಟಿದ್ದಾಗ ಎರಡೂ ಸಲ್ಲವು.