ಇಸುಬಿನ ಚರಿತ್ರೆ

ಇಸುಬಿನಿಂದ ಸತ್ತವರ ಸುದ್ದಿಯನ್ನು ನಾವು ಕೇಳುವುದು ಅಪೂರ್ವ. ಆದುದರಿಂದಲೇ ಇರಬೇಕು, ಪ್ಲೇಗು ಸಿಡುಬುಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದರೂ ಈ ವ್ಯಾಧಿಯ ಪೂರ್ವೋತ್ತರವನ್ನು ವಿಚಾರಿಸಿದವರು ವಿರಳ. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದಕ್ಕೆ ಮನೆಯ ಕಾರಣವೊಂದುಂಟು. ನಮ್ಮ ಸೋದರತ್ತೆಯವರಿಗೆ ಬಾಲ್ಯದಿಂದಲೂ ಮೊಣಕೈಯ ಮಡಿಕೆಗಳಲ್ಲಿಯೂ ಮಂಡಿಯ ಹಿಂಬದಿಯಲ್ಲಿಯೂ ಇಸುಬಿತ್ತು. ಅವರಿಗೆ ತಟ್ಟೆ ಬೇರೆ, ಚಾಪೆ ಬೇರೆ, ಬಟ್ಟೆ ಒಣಹಾಕುವ ಹಗ್ಗವೂ ಬೇರೆ. ನೋಡಲು ಬಂದ ವರನ ಕಡೆಯವರು ಕೈಯನ್ನು ಕಂಡು ಹಿಂದಿರುಗಿದರು. ಮನೆಯಲ್ಲಿ ಯಾರೂ ಕಟುಕರಲ್ಲ. ಈ ರೋಗವು ಅಂಟುವುದೆಂದೂ, ಕೆಟ್ಟ ರಕ್ತವು ಹೊರಬೀಳುವ ದಾರಿ ಇದೆಂದೂ, ಮುಲಾಮು ಹಚ್ಚಿ ಮುಚ್ಚಿದರೆ ವಿಷವು ಒಳಸೇರುವುದೆಂದೂ ಹಿರಿಯರು ನಂಬಿದ್ದರು, ಅಷ್ಟೆ. ಈ ನಂಬಿಕೆಗಳು ಎಲ್ಲಿಂದ ಬಂದುವೆಂಬುದನ್ನು ನೋಡೋಣ.

ಚರಕಸಂಹಿತೆಯಲ್ಲಿ ಕುಷ್ಠಗಳು ಹದಿನೆಂಟು: ಮಹಾಕುಷ್ಠಗಳು ಏಳು, ಕ್ಷುದ್ರಕುಷ್ಠಗಳು ಹನ್ನೊಂದು. ಈ ಹನ್ನೊಂದರಲ್ಲಿ ‘ವಿಚರ್ಚಿಕಾ’ ಎಂಬುದೊಂದು. ತುರಿಕೆ, ಕಪ್ಪುಛಾಯೆಯ ಗುಳ್ಳೆ, ಹೇರಳವಾದ ಸ್ರಾವ, ಇವು ಚರಕನು ಹೇಳಿದ ಲಕ್ಷಣಗಳು. ಸುಶ್ರುತನಾದರೋ ಅದೇ ಹೆಸರಿನ ವ್ಯಾಧಿಗೆ ಗೆರೆ, ಅತಿಯಾದ ತುರಿಕೆ, ನೋವು, ರೂಕ್ಷತೆಗಳನ್ನು ಹೇಳುತ್ತಾನೆ. ಒಬ್ಬನದು ಒದ್ದೆ, ಇನ್ನೊಬ್ಬನದು ಒಣಕಲು. ಮೇಲುನೋಟಕ್ಕೆ ವಿರೋಧವೆಂದು ತೋರುವುದು. ಇಸುಬನ್ನು ಹತ್ತಿರದಿಂದ ಕಂಡವರಿಗೆ ಇದು ವಿರೋಧವಲ್ಲ. ಹೊಸತರಲ್ಲಿ ಒಸರುವ ಚರ್ಮವೇ ಹಳತಾದ ಮೇಲೆ ಒಣಗಿ, ದಪ್ಪವಾಗಿ, ಗೆರೆಗಟ್ಟುತ್ತದೆ.

ಆ ಕಾಲದಲ್ಲಿ ಕುಷ್ಠವೆಂಬುದು ಚರ್ಮವ್ಯಾಧಿಗಳಿಗೆಲ್ಲ ಸಾಮಾನ್ಯನಾಮವಾಗಿತ್ತು. ಸುಶ್ರುತನು ಒಬ್ಬರಿಂದೊಬ್ಬರಿಗೆ ಸಂಕ್ರಮಿಸುವ ರೋಗಗಳನ್ನು ಎಣಿಸುವಾಗ ಕುಷ್ಠವನ್ನೂ ಸೇರಿಸಿ, ಮೈಸೋಂಕು, ಸಹಭೋಜನ, ಒಂದೇ ಹಾಸಿಗೆ, ಒಬ್ಬರುಟ್ಟ ವಸ್ತ್ರ ಮೊದಲಾದುವನ್ನು ಅದಕ್ಕೆ ಕಾರಣವಾಗಿ ಹೇಳಿದನು. ನಮ್ಮ ಸೋದರತ್ತೆಯವರ ತಟ್ಟೆ, ಚಾಪೆ, ಹಗ್ಗಗಳ ಮೂಲವು ಇಲ್ಲಿ ಸಿಕ್ಕಿತೆಂದು ನನಗೆ ತೋರುತ್ತದೆ. ಮುಂದೆ ಕುಷ್ಠಶಬ್ದದ ಅರ್ಥವು ಸಂಕೋಚಗೊಂಡು ಮಹಾರೋಗವೊಂದಕ್ಕೇ ನಿಂತಿತು. ಭಯವು ಮಾತ್ರ ಹಳೆಯ ಹದಿನೆಂಟರ ಮೇಲೂ ಉಳಿದುಕೊಂಡಿತು. (ಮಹಾರೋಗದ ವಿಷಯದಲ್ಲಾದರೂ ಆ ಭಯವು ಇಂದು ಸಲ್ಲದು. ಅದರ ಕ್ರಿಮಿಯನ್ನು ನಾರ್ವೆಯ ಹಾನ್ಸೆನ್ನನು ೧೮೭೩ರಲ್ಲಿ ಕಂಡುಹಿಡಿದನು. ಈಗ ಔಷಧದಿಂದ ಅದು ಗುಣವಾಗುತ್ತದೆ.) ರಕ್ತಶುದ್ಧಿಯ ವಿಚಾರವೂ ಹಳೆಯದೇ. ಕುಷ್ಠಿಗೆ ಹದಿನೈದು ದಿನಗಳಿಗೊಮ್ಮೆ ವಮನ, ತಿಂಗಳಿಗೊಮ್ಮೆ ವಿರೇಚನ, ಆರು ತಿಂಗಳಿಗೊಮ್ಮೆ ರಕ್ತಮೋಕ್ಷಣ ಮಾಡಿಸಬೇಕೆಂದು ವಾಗ್ಭಟನ ಅಷ್ಟಾಂಗಹೃದಯವು ವಿಧಿಸುತ್ತದೆ. ಆದರೆ ಆ ಆಚಾರ್ಯರು ಮೇಲೆ ಹಚ್ಚುವ ತೈಲಲೇಪಗಳನ್ನೂ ಧಾರಾಳವಾಗಿ ಹೇಳಿದ್ದಾರೆ. ನಮ್ಮ ಹಿರಿಯರು ಒಂದನ್ನು ನೆನಪಿಟ್ಟು ಮತ್ತೊಂದನ್ನು ಮರೆತರು.

ಯೂರೋಪಿನಲ್ಲಿಯೂ ಕಥೆ ಬೇರೆಯಲ್ಲ. ‘ಎಕ್ಸಿಮಾ’ ಎಂಬ ಗ್ರೀಕ್ ಮಾತಿಗೆ ‘ಕುದಿದು ಹೊರಚೆಲ್ಲಿದುದು’ ಎಂದರ್ಥ, ಕ್ರಿ. ಶ. ಆರನೆಯ ಶತಮಾನದಲ್ಲಿ ಅಮಿದಾ ಪಟ್ಟಣದ ಏಟಿಯಸನು ತನ್ನ ವೈದ್ಯಗ್ರಂಥದಲ್ಲಿ ಅದನ್ನು ಬಳಸಿದನು. ಒಳಗಿನ ಕೆಟ್ಟ ರಸವು ಕುದಿದು ಚರ್ಮದಿಂದ ಉಕ್ಕುವುದೆಂಬ ಭಾವನೆ ಹೆಸರಿನಲ್ಲಿಯೇ ಅಡಗಿದೆ. ಆದುದರಿಂದ ಕೂಸುಗಳ ಕೆನ್ನೆಯ ಇಸುಬನ್ನು ವಾಸಿಮಾಡಲು ಅಂಜಿದ ವೈದ್ಯರು ಅಲ್ಲಿಯೂ ಬಹುಮಂದಿ ಇದ್ದರು. ಲಂಡನ್ನಿನ ರಾಬರ್ಟ್ ವಿಲ್ಲನನು ಚರ್ಮವ್ಯಾಧಿಗಳನ್ನು ಕಣ್ಣಿಗೆ ಕಾಣುವ ರೂಪದಿಂದ ವರ್ಗೀಕರಿಸಲು ಹೊರಟು, ೧೮೦೮ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿ, ಕೆಲಸವನ್ನು ಪೂರೈಸದೆ ೧೮೧೨ರಲ್ಲಿ ತೀರಿಕೊಂಡನು. ಮರುವರ್ಷ ಅದನ್ನು ಪೂರ್ಣಗೊಳಿಸಿದ ಶಿಷ್ಯ ಥಾಮಸ್ ಬೇಟ್‌ಮನ್ನನು, ಸ್ವಭಾವತಃ ಬೇಗ ಕೆರಳುವ ಚರ್ಮದವರಿಗೆ ನಾನಾ ಹೊರಕಾರಣಗಳಿಂದ ಇಸುಬು ಹುಟ್ಟುವುದೆಂದು ಬರೆದನು. ಆ ಮಾತು ಎಷ್ಟು ದೂರ ನೋಡಿತ್ತೆಂಬುದು ತಿಳಿಯಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ಹಳೆಯ ಮತವನ್ನು ನಿಜವಾಗಿ ಅಲುಗಾಡಿಸಿದವನು ವಿಯೆನ್ನದ ಫರ್ಡಿನೆಂಡ್ ಹೆಬ್ರಾ (೧೮೧೬–೧೮೮೦). ದೊಡ್ಡ ಆಸ್ಪತ್ರೆಯಲ್ಲಿ ಹಿರಿಯರಾರಿಗೂ ಬೇಡವಾಗಿದ್ದ ಕಜ್ಜಿಯ ರೋಗಿಗಳ ಕೊಠಡಿಯು ತರುಣನಾದ ಅವನ ಪಾಲಿಗೆ ಬಂದಿತು. ಕಜ್ಜಿಯು ಕೆಟ್ಟ ರಕ್ತದಿಂದ ಬರುವುದಲ್ಲ, ಸಣ್ಣ ಹುಳುವಿನಿಂದ ಬರುವುದು ಎಂಬುದನ್ನು ಅವನು ತನ್ನ ಮೈಮೇಲೆಯೇ ಹುಳುಗಳನ್ನು ಬಿಟ್ಟುಕೊಂಡು ತೋರಿಸಿದನು. ಅನಂತರ ಇಸುಬಿಗೆ ಕೈಹಾಕಿದನು. ನಮ್ಮವರು ಭೇದಿಗೆ ಬಳಸುತ್ತಿದ್ದ ಜಾಪಾಳದ ಎಣ್ಣೆಯನ್ನು ಒಳ್ಳೆಯ ಚರ್ಮಕ್ಕೆ ತಿಕ್ಕಿದರೆ ಕೆಂಪು, ಗುಳ್ಳೆ, ಒಸರು, ಹೊಕ್ಕು, ಹೊಟ್ಟು ಇವೆಲ್ಲವೂ ಒಂದರ ಹಿಂದೊಂದು ಬರುವುದನ್ನು ಕಂಡನು. ರಕ್ತದಲ್ಲಿ ಯಾವ ದೋಷವೂ ಇಲ್ಲದವನಲ್ಲಿ, ಎಣ್ಣೆ ತಾಗಿದೆಡೆಯಲ್ಲಿ ಮಾತ್ರ, ಇಸುಬನ್ನು ಬರಿಸಬಹುದಾದರೆ, ಹೊರಗಿನಿಂದಲೇ ಅದನ್ನು ಶಮನಗೊಳಿಸಲೂ ಏಕಾಗದು? ಹೀಗೆ ತರ್ಕಿಸಿ, ಸೀಸದ ಭಸ್ಮವನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಮುಲಾಮನ್ನು ಬಟ್ಟೆಗೆ ಬಳಿದು ಕಟ್ಟಿಸಿದನು. ಸೀಸವು ವಿಷವೆಂದು ಆ ಮುಲಾಮನ್ನು ಈಗ ಬಿಟ್ಟಿದ್ದಾರೆ, ತರ್ಕವು ಉಳಿದಿದೆ.

ಹೆಬ್ರಾನಿಗೂ ಪೂರ್ತಿ ಸಿಕ್ಕದ ಒಂದು ಎಳೆಯಿತ್ತು. ಕೆಲವು ಮನೆತನಗಳಲ್ಲಿ ಇಸುಬು, ಉಬ್ಬಸ, ಸೀನುನೆಗಡಿಗಳು ಕೂಡಿಯೇ ಬರುವುವು. ಇದನ್ನು ಪ್ಯಾರಿಸಿನ ಬೆನಿಯೇ ೧೮೯೨ರಲ್ಲಿ ಎತ್ತಿ ತೋರಿಸಿದನು. ಅಮೆರಿಕದ ಕೋಕಾ ಮತ್ತು ಕುಕ್ ಎಂಬವರು ೧೯೨೩ರಲ್ಲಿ ಇಂತಹ ಪ್ರಕೃತಿಗೆ ‘ಅಟೋಪಿ’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ‘ಸ್ಥಾನವಿಲ್ಲದ್ದು’ ಎಂದು ಆ ಮಾತಿನ ಮೂಲಾರ್ಥ. ೧೯೫೨ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಹೈಡ್ರೋಕಾರ್ಟಿಸೋನ್ ಮುಲಾಮಿನ ಗುಣವನ್ನು ಪ್ರಕಟಿಸಿದರು. ಅದು ರೋಗಿಗಳಿಗೆ ನಿದ್ರೆಯನ್ನು ಕೊಟ್ಟಿತು. ಆದರೆ ಆ ಜಾತಿಯ ತೀಕ್ಷ್ಣ ಮುಲಾಮುಗಳನ್ನು ನಮ್ಮ ಜನ ಮುಖದ ಬಿಳುಪಿಗೆಂದು ಹಚ್ಚಿ ಚರ್ಮವನ್ನು ಕೆಡಿಸಿಕೊಂಡುದೂ ಉಂಟು. ೨೦೧೮ರಲ್ಲಿ ಭಾರತ ಸರಕಾರವು ಅಂತಹ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಗೊತ್ತುಮಾಡಿತು.

೨೦೦೬ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಅರ್ವಿನ್ ಮೆಕ್ಲೀನ್ ಅವರೂ ಸಂಗಡಿಗರೂ ಬೇಟ್‌ಮನ್ನನ ‘ಕೆರಳುವ ಚರ್ಮ’ಕ್ಕೆ ಒಂದು ಕಾರಣವನ್ನು ಕಂಡರು. ಚರ್ಮದ ಹೊರಪದರವನ್ನು ಬಿಗಿಯಾಗಿ ಕಟ್ಟುವ ಫಿಲಾಗ್ರಿನ್ ಎಂಬ ಸಸಾರಜನಕವು ಕೆಲವರಲ್ಲಿ ಹುಟ್ಟಿನಿಂದಲೇ ಕೊರತೆ. ರೋಗಿಗಳೆಲ್ಲರಿಗೂ ಈ ಕೊರತೆಯಿಲ್ಲವಾದರೂ, ಇದ್ದವರ ಚರ್ಮವು ಗಾರೆ ಉದುರಿದ ಗೋಡೆಯಂತೆ: ಒಳಗಿನ ತೇವವು ಆರಿಹೋಗುವುದು, ಹೊರಗಿನ ಧೂಳು ಸೋಪುಗಳು ಒಳನುಗ್ಗುವುವು. ಆದಕಾರಣ ಬಿಸಿಬಿಸಿ ನೀರನ್ನು ಬಿಟ್ಟು ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಮೀಯುವುದು, ಸೋಪನ್ನು ಮಿತಗೊಳಿಸುವುದು, ಮೈಯ ಪಸೆ ಆರುವ ಮೊದಲೇ ಜಿಡ್ಡನ್ನು ಸವರುವುದು, ಉಗುರು ಕತ್ತರಿಸಿ ಹತ್ತಿಯ ಬಟ್ಟೆ ತೊಡುವುದು, ಕೆರಳಿದಾಗ ವೈದ್ಯರು ಹೇಳಿದಷ್ಟು ದಿನ ಮುಲಾಮು ಹಚ್ಚುವುದು, ಇದೇ ಇಂದಿನ ಚಿಕಿತ್ಸೆಯ ತಳಹದಿ.

ನಮ್ಮ ಸೋದರತ್ತೆಯವರು ಬಚ್ಚಲುಮನೆಯ ಗೂಡಿನಲ್ಲಿ ಯಾರಿಗೂ ಕಾಣದಂತೆ ಒಂದು ಬಟ್ಟಲು ಕೊಬ್ಬರಿ ಎಣ್ಣೆಯನ್ನು ಇಟ್ಟುಕೊಂಡಿರುತ್ತಿದ್ದರು. ನೀರು ಹಾಕಿಕೊಂಡೊಡನೆ ತೋಳುಗಳಿಗೆ ಸವರಿ, ಮೇಲೆ ಉದ್ದತೋಳಿನ ರವಿಕೆ ತೊಟ್ಟು ಹೊರಬರುತ್ತಿದ್ದರು. ಎಣ್ಣೆಯ ಕಲೆ ಕಂಡರೆ ಹಿರಿಯರು ಗದರಿಸುವರು, ಅವರು ಸುಮ್ಮನಿರುವರು. ಹಿರಿಯರೆಲ್ಲರೂ ಹೋದ ಮೇಲೆ ಬಟ್ಟಲು ಗೂಡಿನಿಂದ ಅವರ ಕೋಣೆಯ ಕಿಟಕಿಗೆ ಬಂದಿತು. ಬೇರೆಯ ತಟ್ಟೆಯನ್ನು ಬಿಡಿರೆಂದು ನಾವೆಷ್ಟು ಹೇಳಿದರೂ ಕೇಳದೆ ಕೊನೆಯವರೆಗೂ ಅದರಲ್ಲಿಯೇ ಉಂಡರು.