ಪಹಣಿಗೆ ಕಾಣದ ಕೆಸರು

ತಿಪಟೂರು, ತುರುವೇಕೆರೆ ಕಡೆ ತೆಂಗಿನ ಬುಡಕ್ಕೆ ಉಪ್ಪು ಹಾಕೋದು ಹಳೇ ರೂಢಿ. ನಮ್ಮ ದಬ್ಬೇಘಟ್ಟದಿಂದ ಸಮುದ್ರ ಎಲ್ಲೋ ದೂರ. ಹಾಗಾಗಿ ಉಪ್ಪು ಅಂದ್ರೆ ನಮಗೆ ಚೀಲದಲ್ಲಿ ಬರುವ ಸಾಮಾನು, ಅಷ್ಟೇ. ಅದರ ಚರಿತ್ರೆ ಕೇಳಿದ್ರೆ, 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ನಡೆದ ಸತ್ಯಾಗ್ರಹ ನೆನಪಾಗುತ್ತೆ. ಅದೇ ಕರಾವಳಿಯಲ್ಲಿ, ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ, ಇನ್ನೊಂದು ಚರಿತ್ರೆ ಇದೆ. ಅದು ಕೆಸರಿನೊಳಗೆ ಹೂತಿದೆ.

ಅಲ್ಲಿನ ಉಪ್ಪುಜೌಗಿನ ಗದ್ದೆಗೆ ಗಜನಿ ಅಂತಾರೆ. ನಮ್ಮ ಕೆರೆಗೆ ಏರಿ, ತೂಬು ಇದ್ದ ಹಾಗೆ ಅದಕ್ಕೂ ಮಣ್ಣಿನ ಕಟ್ಟೆ, ಹಲಗೆಯ ಬಾಗಿಲು. ನಮ್ಮ ಏರಿ ನೀರನ್ನು ಒಳಗೆ ಹಿಡಿಯುತ್ತೆ. ಅವರ ಕಟ್ಟೆ ಸಮುದ್ರವನ್ನು ಹೊರಗೆ ತಡೆಯುತ್ತೆ, ಅದೂ ವರ್ಷದಲ್ಲಿ ಕೆಲವು ತಿಂಗಳು ಮಾತ್ರ. ಮಳೆ ಬಂದು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬೆಳೀತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ಬಾಗಿಲು ತೆಗೆದರೆ, ಉಬ್ಬರದ ಜೊತೆ ಸಿಗಡಿ, ಏಡಿ, ಮೀನಿನ ಮರಿ ಒಳಗೆ ಬರುತ್ತವೆ. ಕೊಳೆಯುವ ಕೂಳೆಯೇ ಅವಕ್ಕೆ ಮೇವು. ಅವು ಬಿಟ್ಟಿದ್ದು ಮುಂದಿನ ಭತ್ತಕ್ಕೆ ಗೊಬ್ಬರ.

ಕಟ್ಟೆಯಾಚೆ, ಅಳಿವೆಯ ಕೆಸರಲ್ಲಿ ಬಳಚು ಎಂಬ ಚಿಪ್ಪಿನ ಜೀವಿ ಹೂತಿರುತ್ತೆ. ಸಣ್ಣ ಕೊಳವೆಯನ್ನು ಮೇಲಕ್ಕೆ ಚಾಚಿ, ನೀರು ಸೋಸಿ ತಿಂದು ಬದುಕುತ್ತೆ. ಇಳಿತದ ಹೊತ್ತಿಗೆ ಹೆಂಗಸರು ಅದನ್ನು ಹೆಕ್ಕುತ್ತಾರೆ. ಮಾಂಸ ಅಡುಗೆಗೆ, ಸಂತೆಗೆ. ಚಿಪ್ಪು ಸುಟ್ಟರೆ ಸುಣ್ಣ.

ನಮ್ಮ ಕಂದಾಯದ ಕಾಗದಕ್ಕೆ ಇದೆಲ್ಲ ಕಾಣೋದೇ ಇಲ್ಲ ನೋಡಿ. ಪಹಣಿಯಲ್ಲಿ ಭತ್ತಕ್ಕೆ ಜಾಗ ಇದೆ, ಬಳಚಿಗೆ ಇಲ್ಲ. ಲೆಕ್ಕಕ್ಕೆ ಸಿಗದ್ದು ಆಮೇಲೆ ‘ಖಾಲಿ ಜಾಗ’ ಆಗುತ್ತೆ. 1970ರ ದಶಕದಲ್ಲಿ ಸರ್ಕಾರ ಮಣ್ಣಿನ ಬದಲು ಗಟ್ಟಿ ಕಟ್ಟೆ ಕಟ್ಟಿತು. ನಂತರ ಸಿಗಡಿಗೆ ಬೆಲೆ ಬಂದಾಗ ಭತ್ತ ಹಿಂದೆ ಬಿತ್ತು, ಊರವರೆಲ್ಲ ಸೇರಿ ಕಟ್ಟೆ ಕಾಯುವ ಪದ್ಧತಿಯೂ ಸಡಿಲವಾಯ್ತು. ಪಾಳು ಬಿದ್ದ ಗಜನಿಗಳಲ್ಲಿ ಕಾಂಡ್ಲಾ ಗಿಡ ತಾನಾಗೇ ಎದ್ದಿತು. ಆಮೇಲೆ ಇದೇ ಅಳಿವೆಯ ತದಡಿಗೆ 4000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ತರುವ ಪ್ರಸ್ತಾಪ ಬಂತು. ಜನ ವಿರೋಧಿಸಿದರು, ಅದು ಕೈಬಿಟ್ಟುಹೋಯ್ತು.

2024ರಲ್ಲಿ ಅಳಿವೆಯ 4801 ಹೆಕ್ಟೇರು ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತು ಕಾಪಾಡಬೇಕಾದ ಜೌಗು ಅಂತ ಹೆಸರು ಬಂತು. ಒಳ್ಳೇದೇ. ಆದ್ರೆ ಆ ಕೆಸರು ಬರಡಲ್ಲ ಅನ್ನೋದು ಪಟ್ಟಿಗೆ ಗೊತ್ತಾಗೋಕೆ ಎಷ್ಟೋ ಮೊದಲೇ, ಮೊಣಕಾಲುದ್ದ ಕೆಸರಲ್ಲಿ ನಿಂತ ಹೆಂಗಸರ ಕೈಗೆ ಗೊತ್ತಿತ್ತು. ಉಪ್ಪಿನ ಚರಿತ್ರೆ ಬರೆಯುವಾಗ ಅವರ ಬುಟ್ಟಿಯನ್ನೂ ಲೆಕ್ಕಕ್ಕೆ ತಗೋಬೇಕು.