ಪ್ರವಾಸಿ ಕ್ಯಾಪ್ಸೂಲ್ ವಾರ್ಡ್‌ರೋಬ್

ಪ್ರವಾಸಿ ಕ್ಯಾಪ್ಸೂಲ್ ವಾರ್ಡ್‌ರೋಬ್ ಎಂದರೆ ಪ್ರವಾಸವೊಂದರ ಎಲ್ಲ ದಿನಗಳ ಅಗತ್ಯವನ್ನು ಪೂರೈಸುವಂತೆ ಆಯ್ದುಕೊಂಡ, ಪರಸ್ಪರ ಹೊಂದಿಕೊಳ್ಳುವ ಕೆಲವೇ ಉಡುಪುಗಳ ಸಂಗ್ರಹ. ಸಂಗ್ರಹದ ಪ್ರತಿಯೊಂದು ಮೇಲುಡುಪನ್ನೂ ಪ್ರತಿಯೊಂದು ಕೆಳ ಉಡುಪಿನ ಜೊತೆಗೆ ಧರಿಸಲು ಸಾಧ್ಯವಿರಬೇಕು ಎಂಬುದು ಇದರ ಮೂಲ ನಿಯಮ. ಉಡುಪುಗಳ ಸಂಖ್ಯೆಗಿಂತ ಅವುಗಳ ನಡುವಿನ ಹೊಂದಾಣಿಕೆಯೇ ಇಲ್ಲಿ ಮುಖ್ಯ. ಒಂದೇ ದಿನದಲ್ಲಿ ಚಳಿ, ಬಿಸಿಲು ಮತ್ತು ಮಳೆ ಮೂರೂ ಎದುರಾಗಬಹುದಾದ ಸಮಶೀತೋಷ್ಣ ವಲಯದ ನಗರಗಳಿಗೆ ವಸಂತಕಾಲದಲ್ಲಿ ಕೈಗೊಳ್ಳುವ ಪ್ರವಾಸಗಳಲ್ಲಿ ಈ ವಿಧಾನವು ವಿಶೇಷವಾಗಿ ಉಪಯುಕ್ತವಾಗಿದೆ.

## ಹೆಸರು ಮತ್ತು ಇತಿಹಾಸ

ಬಣ್ಣ ಮತ್ತು ವಿನ್ಯಾಸದಲ್ಲಿ ಒಂದಕ್ಕೊಂದು ಹೊಂದುವ ಸಣ್ಣ ಉಡುಪು ಸಂಗ್ರಹವನ್ನು ಸೂಚಿಸಲು ‘ಕ್ಯಾಪ್ಸೂಲ್ ವಾರ್ಡ್‌ರೋಬ್’ ಎಂಬ ಪದವು 1940ರ ದಶಕದ ಅಮೆರಿಕದ ಪ್ರಕಟಣೆಗಳಲ್ಲಿಯೇ ಕಾಣಿಸಿಕೊಂಡಿತ್ತು. 1970ರ ದಶಕದಲ್ಲಿ ಲಂಡನ್‌ನಲ್ಲಿ ‘ವಾರ್ಡ್‌ರೋಬ್’ ಎಂಬ ಉಡುಪು ಮಳಿಗೆಯನ್ನು ನಡೆಸುತ್ತಿದ್ದ ಸೂಸಿ ಫೋ ಅವರು ಈ ಪರಿಕಲ್ಪನೆಗೆ ಇಂದಿನ ಅರ್ಥವನ್ನು ನೀಡಿದರು. ಫ್ಯಾಷನ್ ಬದಲಾದರೂ ಹಳೆಯದಾಗದ ಕೆಲವು ಉತ್ತಮ ಗುಣಮಟ್ಟದ ಉಡುಪುಗಳನ್ನು ಆಧಾರವಾಗಿಟ್ಟುಕೊಂಡು, ಋತುವಿಗೆ ತಕ್ಕಂತೆ ಒಂದೆರಡನ್ನು ಮಾತ್ರ ಸೇರಿಸಿಕೊಳ್ಳುವುದು ಅವರ ಸಲಹೆಯಾಗಿತ್ತು.

1985ರಲ್ಲಿ ಅಮೆರಿಕದ ವಸ್ತ್ರ ವಿನ್ಯಾಸಕಿ ಡೊನ್ನಾ ಕರನ್ ಅವರು ತಮ್ಮ ಮೊದಲ ಸ್ವತಂತ್ರ ಸಂಗ್ರಹದಲ್ಲಿ ‘ಸೆವೆನ್ ಈಸಿ ಪೀಸಸ್’ ಎಂಬ ಹೆಸರಿನಲ್ಲಿ ಒಂದಕ್ಕೊಂದು ಜೋಡಿಸಬಹುದಾದ ಏಳು ಉಡುಪುಗಳನ್ನು ಪ್ರಸ್ತುತಪಡಿಸಿದರು. ಹಗಲಿನ ಕಚೇರಿ ಕೆಲಸದಿಂದ ಸಂಜೆಯ ಔತಣದವರೆಗೆ ಉದ್ಯೋಗಸ್ಥ ಮಹಿಳೆಯ ಅಗತ್ಯವನ್ನು ಪೂರೈಸುವುದು ಈ ಸಂಗ್ರಹದ ಉದ್ದೇಶವಾಗಿತ್ತು. ಇದರಿಂದ ಪರಿಕಲ್ಪನೆಯು ಅಮೆರಿಕದಲ್ಲಿ ಜನಪ್ರಿಯವಾಯಿತು. 2010ರಲ್ಲಿ ಕೋರ್ಟ್ನಿ ಕಾರ್ವರ್ ಅವರು ಆರಂಭಿಸಿದ ‘ಪ್ರಾಜೆಕ್ಟ್ 333’ ಮೂರು ತಿಂಗಳ ಕಾಲ 33 ವಸ್ತುಗಳನ್ನು ಮಾತ್ರ ಧರಿಸುವ ಪ್ರಯೋಗವಾಗಿದ್ದು, ಕನಿಷ್ಠತಾವಾದದ ಚಳವಳಿಯೊಂದಿಗೆ ಗುರುತಿಸಿಕೊಂಡಿತು. ಮನೆಯ ಕಪಾಟಿಗೆ ಅನ್ವಯಿಸುತ್ತಿದ್ದ ಈ ತತ್ತ್ವವನ್ನೇ ಪೆಟ್ಟಿಗೆಗೆ ಅನ್ವಯಿಸಿದಾಗ ಪ್ರವಾಸಿ ಕ್ಯಾಪ್ಸೂಲ್ ವಾರ್ಡ್‌ರೋಬ್ ಆಗುತ್ತದೆ.

## ವಸಂತಕಾಲದ ಹವಾಮಾನ

ಉತ್ತರ ಗೋಳಾರ್ಧದ ಹವಾಮಾನ ಶಾಸ್ತ್ರದಲ್ಲಿ ಮಾರ್ಚ್, ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ವಸಂತಕಾಲವೆಂದು ಪರಿಗಣಿಸಲಾಗುತ್ತದೆ. ಚೈತ್ರ ಮತ್ತು ವೈಶಾಖ ಮಾಸಗಳ ವಸಂತ ಋತುವೂ ಬಹುಮಟ್ಟಿಗೆ ಇದೇ ಅವಧಿಯಲ್ಲಿ ಬರುತ್ತದೆಯಾದರೂ ಎರಡರ ಅನುಭವದಲ್ಲಿ ದೊಡ್ಡ ಅಂತರವಿದೆ. ಕರ್ನಾಟಕದಲ್ಲಿ ಯುಗಾದಿಯ ನಂತರದ ದಿನಗಳು ಬೇಸಿಗೆಯ ದಿನಗಳಾಗಿದ್ದರೆ, ಯೂರೋಪಿನಲ್ಲಿ ಅವು ಚಳಿಗಾಲದಿಂದ ಇನ್ನೂ ಸಂಪೂರ್ಣವಾಗಿ ಬಿಡಿಸಿಕೊಳ್ಳದ ದಿನಗಳಾಗಿರುತ್ತವೆ. ಏಪ್ರಿಲ್ ತಿಂಗಳ ಸರಾಸರಿ ಉಷ್ಣಾಂಶವು ಕೆಲವು ನಗರಗಳಲ್ಲಿ ಸುಮಾರಾಗಿ ಹೀಗಿರುತ್ತದೆ:

| ನಗರ | ಗರಿಷ್ಠ (ಡಿಗ್ರಿ ಸೆಲ್ಸಿಯಸ್) | ಕನಿಷ್ಠ (ಡಿಗ್ರಿ ಸೆಲ್ಸಿಯಸ್) |
|---|---|---|
| ಪ್ಯಾರಿಸ್ | 16 | 7 |
| ಲಂಡನ್ | 15 | 7 |
| ನ್ಯೂಯಾರ್ಕ್ | 16 | 7 |
| ಟೋಕಿಯೊ | 19 | 10 |
| ಬೆಂಗಳೂರು | 34 | 22 |

ಕರ್ನಾಟಕದ ಶಾಲೆಗಳ ಬೇಸಿಗೆ ರಜೆಯು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬರುವುದರಿಂದ ಇಲ್ಲಿನ ಅನೇಕ ಕುಟುಂಬಗಳ ವಿದೇಶ ಪ್ರವಾಸಗಳು ಇದೇ ಅವಧಿಯಲ್ಲಿ ನಡೆಯುತ್ತವೆ. ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಮಧ್ಯಾಹ್ನದ ಗರಿಷ್ಠ ಉಷ್ಣಾಂಶವು ಬೆಂಗಳೂರಿನ ರಾತ್ರಿಯ ಕನಿಷ್ಠ ಉಷ್ಣಾಂಶಕ್ಕಿಂತಲೂ ಕಡಿಮೆ ಎಂಬುದು ಮೇಲಿನ ಪಟ್ಟಿಯಿಂದ ತಿಳಿಯುತ್ತದೆ. ಆದ್ದರಿಂದ ‘ವಸಂತ’ ಎಂಬ ಪದವನ್ನಷ್ಟೇ ನಂಬಿ ಹತ್ತಿಯ ತೆಳು ಉಡುಪುಗಳನ್ನು ಮಾತ್ರ ಒಯ್ಯುವುದು ಅಥವಾ ‘ಚಳಿ’ ಎಂಬ ಭಯದಿಂದ ಹಿಮಪ್ರದೇಶಕ್ಕೆ ತಕ್ಕ ದಪ್ಪ ಜಾಕೆಟ್‌ಗಳನ್ನು ತುಂಬಿಕೊಳ್ಳುವುದು ಎರಡೂ ತೊಂದರೆಗೆ ಕಾರಣವಾಗುತ್ತವೆ. ಏಪ್ರಿಲ್ ತಿಂಗಳಲ್ಲಿ ಮೈಮೇಲಿನ ಒಂದು ಎಳೆಯನ್ನೂ ತೆಗೆಯಬಾರದು ಎಂಬ ಅರ್ಥದ ಗಾದೆಯೊಂದು ಫ್ರೆಂಚ್ ಭಾಷೆಯಲ್ಲಿ ರೂಢಿಯಲ್ಲಿದೆ.

ನಗರ ಪ್ರವಾಸದಲ್ಲಿ ಹೊರಗಿನ ಹವೆಯಷ್ಟೇ ಒಳಗಿನ ಹವೆಯೂ ಗಣನೆಗೆ ಬರುತ್ತದೆ. ತಂಪಾದ ಬೀದಿಯಿಂದ ಬೆಚ್ಚಗಿನ ವಸ್ತುಸಂಗ್ರಹಾಲಯಕ್ಕೆ, ಅಲ್ಲಿಂದ ಜನದಟ್ಟಣೆಯ ಮೆಟ್ರೊ ರೈಲಿಗೆ, ಮತ್ತೆ ಗಾಳಿ ಬೀಸುವ ನದಿ ದಂಡೆಗೆ ಒಂದೇ ದಿನದಲ್ಲಿ ಹಲವು ಬಾರಿ ಓಡಾಡಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯಾಸ್ತವಾಗುವುದು ರಾತ್ರಿ 8 ಗಂಟೆಯ ನಂತರವಾದ್ದರಿಂದ ಪ್ರವಾಸಿಗರು ವಸತಿಗೆ ಮರಳದೆ ದೀರ್ಘಕಾಲ ಹೊರಗೇ ಇರುವುದು ಸಾಮಾನ್ಯ. ಬೆಳಿಗ್ಗೆ ಧರಿಸಿ ಹೊರಟ ಉಡುಪಿನಲ್ಲಿಯೇ ಇಡೀ ದಿನದ ಏರಿಳಿತವನ್ನು ನಿಭಾಯಿಸುವ ವ್ಯವಸ್ಥೆ ಇರಬೇಕಾಗುತ್ತದೆ.

## ತತ್ತ್ವಗಳು

### ಪದರಗಳು

ಉಡುಪಿನ ಬೆಚ್ಚಗಿನ ಗುಣವು ಮುಖ್ಯವಾಗಿ ಅದರ ಎಳೆಗಳ ನಡುವೆ ಮತ್ತು ಪದರಗಳ ನಡುವೆ ಸಿಲುಕಿರುವ ನಿಶ್ಚಲ ಗಾಳಿಯಿಂದ ಬರುತ್ತದೆ. ಆದ್ದರಿಂದ ಒಂದು ದಪ್ಪ ಕೋಟಿನ ಬದಲು ಎರಡು ಅಥವಾ ಮೂರು ತೆಳು ಪದರಗಳನ್ನು ಧರಿಸಿದರೆ ಸಾಕಷ್ಟು ಬೆಚ್ಚಗಿರುವುದರ ಜೊತೆಗೆ ಬೇಕಾದಾಗ ಒಂದೊಂದನ್ನೇ ಕಳಚುವ ಅನುಕೂಲವೂ ದೊರೆಯುತ್ತದೆ. ಉಡುಪಿನ ಉಷ್ಣನಿರೋಧಕ ಗುಣವನ್ನು ಅಳೆಯಲು 1941ರಲ್ಲಿ ‘ಕ್ಲೋ’ ಎಂಬ ಏಕಮಾನವನ್ನು ಪ್ರಸ್ತಾಪಿಸಲಾಯಿತು. 21 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಕೋಣೆಯಲ್ಲಿ ಸುಮ್ಮನೆ ಕುಳಿತಿರುವ ವ್ಯಕ್ತಿಯನ್ನು ಹಿತವಾಗಿರಿಸಲು ಬೇಕಾದ ಉಡುಪಿನ ಮೌಲ್ಯವೇ 1 ಕ್ಲೋ. ಟೀ ಶರ್ಟ್‌ಗೆ ಸುಮಾರು 0.08, ಪೂರ್ಣ ತೋಳಿನ ಅಂಗಿಗೆ ಸುಮಾರು 0.25, ದಪ್ಪ ಸ್ವೆಟರ್‌ಗೆ ಸುಮಾರು 0.36 ಕ್ಲೋ ಮೌಲ್ಯವಿರುತ್ತದೆ. ಧರಿಸಿದ ಉಡುಪುಗಳ ಮೌಲ್ಯಗಳನ್ನು ಕೂಡಿದರೆ ಒಟ್ಟು ನಿರೋಧಕತೆಯ ಅಂದಾಜು ಸಿಗುತ್ತದೆ.

ಪದರಗಳನ್ನು ಸಾಮಾನ್ಯವಾಗಿ ಮೂರಾಗಿ ವಿಂಗಡಿಸಲಾಗುತ್ತದೆ:

* ಒಳಪದರ – ಚರ್ಮಕ್ಕೆ ತಾಗಿರುವ ಟೀ ಶರ್ಟ್, ತೆಳು ಅಂಗಿ ಅಥವಾ ಥರ್ಮಲ್ ಒಳ ಉಡುಪು. ಬೆವರನ್ನು ಹೀರಿ ಹೊರಗೆ ಬಿಡುವುದು ಇದರ ಕೆಲಸ.
* ಮಧ್ಯಪದರ – ಕಾರ್ಡಿಗನ್, ಸ್ವೆಟರ್ ಅಥವಾ ತೆಳು ಉಣ್ಣೆಯ ಜಾಕೆಟ್. ಶಾಖವನ್ನು ಹಿಡಿದಿಡುವುದು ಇದರ ಕೆಲಸ.
* ಹೊರಪದರ – ಗಾಳಿ ಮತ್ತು ಮಳೆಯನ್ನು ತಡೆಯುವ ಕೋಟು. ಕೆಳಗಿನ ಎರಡೂ ಪದರಗಳ ಮೇಲೆ ಧರಿಸುವಷ್ಟು ಸಡಿಲವಾಗಿರಬೇಕು.

### ಜೋಡಣೆಯ ಲೆಕ್ಕ

ಕ್ಯಾಪ್ಸೂಲ್ ವಾರ್ಡ್‌ರೋಬ್‌ನ ಸಾಮರ್ಥ್ಯವು ಗುಣಾಕಾರದಿಂದ ಬರುತ್ತದೆ. ಐದು ಮೇಲುಡುಪುಗಳು ಮತ್ತು ಮೂರು ಕೆಳ ಉಡುಪುಗಳು ಪರಸ್ಪರ ಹೊಂದಿದರೆ 15 ಜೋಡಿಗಳಾಗುತ್ತವೆ. ಇವುಗಳೊಂದಿಗೆ ಒಂದು ಕಾರ್ಡಿಗನ್ ಮತ್ತು ಒಂದು ಕೋಟು ಇದ್ದರೆ, ಎರಡೂ ಇಲ್ಲದೆ, ಕಾರ್ಡಿಗನ್ ಮಾತ್ರ, ಕೋಟು ಮಾತ್ರ, ಎರಡೂ ಸೇರಿ ಎಂಬ ನಾಲ್ಕು ಬಗೆಗಳಲ್ಲಿ ಪ್ರತಿಯೊಂದು ಜೋಡಿಯನ್ನೂ ಧರಿಸಬಹುದು. ಹೀಗೆ ಹತ್ತು ಉಡುಪುಗಳಿಂದ 60 ಸಂಯೋಜನೆಗಳು ದೊರೆಯುತ್ತವೆ.

ಹೊಂದಾಣಿಕೆ ತಪ್ಪಿದರೆ ಈ ಲೆಕ್ಕ ಕುಸಿಯುತ್ತದೆ. ಮೂರು ಕೆಳ ಉಡುಪುಗಳಲ್ಲಿ ಒಂದು ಕೇವಲ ಒಂದು ಮೇಲುಡುಪಿಗೆ ಹೊಂದುವಂತಿದ್ದರೆ ಜೋಡಿಗಳು 11ಕ್ಕೂ, ಸಂಯೋಜನೆಗಳು 44ಕ್ಕೂ ಇಳಿಯುತ್ತವೆ. ಪೆಟ್ಟಿಗೆಯ ಭಾರ ಮಾತ್ರ ಇಳಿಯುವುದಿಲ್ಲ. ಒಂದೇ ಸಂದರ್ಭಕ್ಕಾಗಿ ಇರಿಸಿಕೊಂಡ ಉಡುಪು ಭಾರವಾಗುವುದು ಈ ಕಾರಣದಿಂದಲೇ. ಮೂರು ಮೇಲುಡುಪು, ಮೂರು ಕೆಳ ಉಡುಪು ಮತ್ತು ಮೂರು ಹೊರ ಉಡುಪುಗಳನ್ನು ಚೌಕದಲ್ಲಿ ಜೋಡಿಸಿ 27 ಸಂಯೋಜನೆಗಳನ್ನು ಪಡೆಯುವ ವಿಧಾನಕ್ಕೆ ‘ಸುಡೋಕು’ ವಿಧಾನವೆಂಬ ಹೆಸರಿದೆ.

### ಬಣ್ಣ

ಕಪ್ಪು, ಕಡುನೀಲಿ, ಬೂದು, ಮರಳು ಬಣ್ಣಗಳಂತಹ ಒಂದೆರಡು ಮೂಲವರ್ಣಗಳನ್ನು ಆಯ್ದು, ಅವುಗಳಿಗೆ ಒಪ್ಪುವ ಒಂದು ಉಜ್ವಲ ಬಣ್ಣವನ್ನು ಸೇರಿಸುವುದು ರೂಢಿ. ಆದರೆ ಮಂದ ಬಣ್ಣಗಳೇ ಆಗಬೇಕೆಂಬ ನಿಯಮವಿಲ್ಲ. ಕುಂಕುಮ ಕೆಂಪು ಅಥವಾ ಅರಿಶಿನ ಬಣ್ಣವನ್ನೇ ಆಧಾರವಾಗಿಟ್ಟುಕೊಂಡರೂ ಉಳಿದೆಲ್ಲ ಉಡುಪುಗಳು ಅದಕ್ಕೆ ಹೊಂದುವಂತಿದ್ದರೆ ತತ್ತ್ವಕ್ಕೆ ಭಂಗ ಬರುವುದಿಲ್ಲ.

## ಬಟ್ಟೆಯ ಆಯ್ಕೆ

ಎಳೆಗಳು ತೇವವನ್ನು ಹೀರಿಕೊಳ್ಳುವ ಪ್ರಮಾಣದಲ್ಲಿ ವ್ಯತ್ಯಾಸವಿದೆ. ಪ್ರಮಾಣಿತ ವಾತಾವರಣದಲ್ಲಿ ತನ್ನ ಒಣ ತೂಕದ ಸುಮಾರು 16 ಪ್ರತಿಶತದಷ್ಟು ತೇವವನ್ನು ಉಣ್ಣೆಯೂ, ಸುಮಾರು 8 ಪ್ರತಿಶತದಷ್ಟನ್ನು ಹತ್ತಿಯೂ, ಕೇವಲ 0.4 ಪ್ರತಿಶತದಷ್ಟನ್ನು ಪಾಲಿಯೆಸ್ಟರ್ ಬಟ್ಟೆಯೂ ಹಿಡಿದಿಟ್ಟುಕೊಳ್ಳುತ್ತವೆ. ಉಣ್ಣೆಯು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಬೆವರಿನ ವಾಸನೆಯೂ ಅದರಲ್ಲಿ ಬೇಗ ಹುಟ್ಟುವುದಿಲ್ಲ. ಆದ್ದರಿಂದ ನಯವಾದ ಮೆರಿನೋ ಉಣ್ಣೆಯ ಉಡುಪನ್ನು ತೊಳೆಯದೆ ಹಲವು ದಿನ ಬಳಸಬಹುದು. ಪಾಲಿಯೆಸ್ಟರ್ ಬೇಗ ಒಣಗುತ್ತದೆಯಾದರೂ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ ಮೈಗೆ ಹಿತವಾಗಿದ್ದರೂ ನೆನೆದರೆ ನಿಧಾನವಾಗಿ ಒಣಗುತ್ತದೆ. ತಂಪು ಹವೆಯ ಹೋಟೆಲ್ ಕೋಣೆಯಲ್ಲಿ ರಾತ್ರಿ ಒಗೆದು ಹಾಕಿದ ಜೀನ್ಸ್ ಬೆಳಿಗ್ಗೆಗೆ ಒಣಗುವ ಸಂಭವ ಕಡಿಮೆ.

ವಸಂತಕಾಲದ ಹೊರಪದರವಾಗಿ ಟ್ರೆಂಚ್ ಕೋಟು ಪ್ರಸಿದ್ಧವಾಗಿದೆ. ಇದರ ಬಟ್ಟೆಯಾದ ಗ್ಯಾಬರ್ಡಿನ್ ಅನ್ನು ಇಂಗ್ಲೆಂಡಿನ ಥಾಮಸ್ ಬರ್ಬೆರಿ ಅವರು 1879ರಲ್ಲಿ ರೂಪಿಸಿ 1888ರಲ್ಲಿ ಹಕ್ಕುಸ್ವಾಮ್ಯ ಪಡೆದರು. ಒತ್ತಾದ ನೇಯ್ಗೆಯಿಂದ ಮಳೆಯನ್ನು ತಡೆಯುತ್ತಲೇ ಗಾಳಿಯಾಡಲು ಅವಕಾಶ ನೀಡುವುದು ಈ ಬಟ್ಟೆಯ ವಿಶೇಷ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಕಂದಕಗಳಲ್ಲಿ ಧರಿಸಿದ್ದರಿಂದ ಕೋಟಿಗೆ ಈ ಹೆಸರು ಬಂದಿತು.

## ಸಾಮಾನ್ಯ ಸಂಗ್ರಹ

ಸುಮಾರು ಒಂದು ವಾರದ ನಗರ ಪ್ರವಾಸಕ್ಕೆ ಸಾಮಾನ್ಯವಾಗಿ ಸೂಚಿಸುವ ಸಂಗ್ರಹ ಹೀಗಿರುತ್ತದೆ:

* ಐದು ಮೇಲುಡುಪುಗಳು: ಟೀ ಶರ್ಟ್, ಅಂಗಿ ಅಥವಾ ಕುರ್ತಾ, ಕನಿಷ್ಠ ಎರಡಕ್ಕೆ ಪೂರ್ಣ ತೋಳು
* ಮೂರು ಕೆಳ ಉಡುಪುಗಳು: ಇವುಗಳಲ್ಲಿ ಒಂದು ಔಪಚಾರಿಕ ಸಂದರ್ಭಕ್ಕೂ ಒಪ್ಪುವಂಥದ್ದು
* ಒಂದು ಕಾರ್ಡಿಗನ್ ಅಥವಾ ಸ್ವೆಟರ್
* ಮಳೆ ತಡೆಯುವ ಒಂದು ಕೋಟು
* ಎರಡು ಜೊತೆ ಪಾದರಕ್ಷೆಗಳು
* ಒಂದು ಶಾಲು ಮತ್ತು ಮಡಚುವ ಕೊಡೆ
* ನಾಲ್ಕೈದು ದಿನಗಳಿಗೆ ಸಾಕಾಗುವ ಒಳ ಉಡುಪು ಮತ್ತು ಕಾಲುಚೀಲಗಳು

ನಗರ ಪ್ರವಾಸದಲ್ಲಿ ದಿನವಿಡೀ ನಡೆಯಬೇಕಾಗುವುದರಿಂದ ಪಾದರಕ್ಷೆಯ ಆಯ್ಕೆಯೇ ಎಲ್ಲಕ್ಕಿಂತ ಮುಖ್ಯವಾದುದು. ಯೂರೋಪಿನ ಹಳೆಯ ನಗರಗಳ ಕಲ್ಲು ಹಾಸಿದ ಬೀದಿಗಳು ತೆಳು ಅಟ್ಟೆಗೆ ಅಥವಾ ಎತ್ತರದ ಹಿಮ್ಮಡಿಗೆ ತಕ್ಕುದಲ್ಲ. ಹೊಸ ಪಾದರಕ್ಷೆಯನ್ನು ಪ್ರವಾಸಕ್ಕೆ ಕೆಲವು ವಾರಗಳ ಮೊದಲೇ ಧರಿಸಿ ರೂಢಿಸಿಕೊಂಡರೆ ಬೊಕ್ಕೆಗಳನ್ನು ತಪ್ಪಿಸಬಹುದು. ಎರಡನೆಯ ಜೊತೆ ಇರುವುದು ಮೊದಲನೆಯದು ಮಳೆಯಲ್ಲಿ ನೆನೆದಾಗ ಒಣಗಲು ಸಮಯ ಸಿಗಲೆಂದು.

ಶಾಲು ಕುತ್ತಿಗೆಗೆ ಬೆಚ್ಚನೆಯ ಹೊದಿಕೆಯಾಗಿ, ವಿಮಾನದಲ್ಲಿ ಹೊದೆಯುವ ವಸ್ತ್ರವಾಗಿ, ಅಗತ್ಯವಿದ್ದಲ್ಲಿ ಭುಜ ಮುಚ್ಚುವ ಬಟ್ಟೆಯಾಗಿ ಬಳಕೆಯಾಗುತ್ತದೆ. ವ್ಯಾಟಿಕನ್‌ನ ಸಂತ ಪೀಟರ್ ಬೆಸಿಲಿಕಾವನ್ನು ಪ್ರವೇಶಿಸಲು ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಒಂದೇ ವಸ್ತ್ರವನ್ನು ಹಲವು ಕೆಲಸಗಳಿಗೆ ಬಳಸುವುದು ಭಾರತೀಯ ಉಡುಪಿಗೆ ಹೊಸದಲ್ಲ. ಕರ್ನಾಟಕದ ಕುರಿಗಾಹಿಗಳ ಕರಿ ಕಂಬಳಿಯು ಹಾಸಿಗೆಯೂ ಹೊದಿಕೆಯೂ ಆಗಿದ್ದು, ಕೊಪ್ಪೆಯಾಗಿ ಮಡಚಿ ತಲೆಯ ಮೇಲೆ ಹಾಕಿಕೊಂಡಾಗ ಮಳೆಯಿಂದ ರಕ್ಷಣೆಯನ್ನೂ ನೀಡುತ್ತದೆ.

## ಭಾರತೀಯ ಉಡುಪುಗಳ ಬಳಕೆ

ಕ್ಯಾಪ್ಸೂಲ್ ವಾರ್ಡ್‌ರೋಬ್ ಕುರಿತ ಬರಹಗಳು ಬಹುತೇಕ ಪಾಶ್ಚಾತ್ಯ ಉಡುಪುಗಳನ್ನೇ ಆಧರಿಸಿದ್ದರೂ ತತ್ತ್ವವು ಎಲ್ಲ ಬಗೆಯ ಉಡುಪುಗಳಿಗೂ ಅನ್ವಯವಾಗುತ್ತದೆ. ಮೊಣಕಾಲಿನವರೆಗಿನ ಕುರ್ತಾವನ್ನು ಜೀನ್ಸ್, ಲೆಗ್ಗಿಂಗ್ಸ್ ಮತ್ತು ಪ್ಯಾಂಟ್ ಮೂರರೊಂದಿಗೂ ಧರಿಸಬಹುದು. ಸೀರೆ ಉಡುವವರು ರವಿಕೆ ಮತ್ತು ಲಂಗದ ಒಳಗೆ ಥರ್ಮಲ್ ಉಡುಪನ್ನೂ ಮೇಲೆ ಕಾರ್ಡಿಗನ್ ಅಥವಾ ಕೋಟನ್ನೂ ಧರಿಸುವುದುಂಟು. ಒಂದೇ ಮೂಲವರ್ಣದ ಎರಡು ರವಿಕೆಗಳು ಹಲವು ಸೀರೆಗಳಿಗೆ ಹೊಂದುವುದರಿಂದ ಇಲ್ಲಿಯೂ ಜೋಡಣೆಯ ಲೆಕ್ಕ ಕೆಲಸ ಮಾಡುತ್ತದೆ. ಹುರಿ ಹಾಕಿದ ನೂಲಿನ ಮೈಸೂರು ಕ್ರೇಪ್ ರೇಷ್ಮೆಯು ಗರಿಗರಿಯಾದ ಹತ್ತಿ ಸೀರೆಗಿಂತ ಕಡಿಮೆ ಸುಕ್ಕಾಗುವುದರಿಂದ ಪೆಟ್ಟಿಗೆಯಲ್ಲಿ ಒಯ್ಯಲು ಸುಲಭ. ಮಳೆ ಬಂದು ನೆಲ ಒದ್ದೆಯಾದ ದಿನ ಸೀರೆಯ ಅಂಚು ನೆನೆಯುವುದು ಇದರ ಮುಖ್ಯ ಅನನುಕೂಲ.

## ಜೋಡಿಸುವಿಕೆ ಮತ್ತು ನಿರ್ವಹಣೆ

ಕ್ಯಾಬಿನ್ ಸಾಮಾನಿನ ಗಾತ್ರಕ್ಕೆ ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘವು 56×45×25 ಸೆಂಟಿಮೀಟರ್ ಅಳತೆಯನ್ನು ಮಾರ್ಗಸೂಚಿಯಾಗಿ ನೀಡಿದೆಯಾದರೂ ಪ್ರತಿಯೊಂದು ವಿಮಾನ ಸಂಸ್ಥೆಯ ನಿಯಮವೂ ಬೇರೆಬೇರೆಯಾಗಿರುತ್ತದೆ. ಭಾರತದಿಂದ ಹೊರಡುವ ಹಲವು ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಕ್ಯಾಬಿನ್ ಸಾಮಾನಿನ ಮಿತಿ 7 ಕಿಲೋಗ್ರಾಂ. ಆದ್ದರಿಂದ ಹೆಚ್ಚು ಭಾರದ ಪಾದರಕ್ಷೆ ಮತ್ತು ಕೋಟನ್ನು ಧರಿಸಿಯೇ ಪ್ರಯಾಣಿಸುವುದು ಸಾಮಾನ್ಯ. ಟೀ ಶರ್ಟ್ ಮತ್ತು ಸ್ವೆಟರ್‌ನಂತಹ ಹೆಣೆದ ಉಡುಪುಗಳನ್ನು ಸುತ್ತಿಡಲಾಗುತ್ತದೆ. ಇಸ್ತ್ರಿಯ ಗೆರೆ ಉಳಿಯಬೇಕಾದ ಅಂಗಿ, ಪ್ಯಾಂಟ್‌ಗಳನ್ನು ಮಡಚಿಡಲಾಗುತ್ತದೆ. ಒಗೆದ ಬಟ್ಟೆಯನ್ನು ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿದರೆ ನೀರು ಹೀರಿಕೊಂಡು ಬೇಗ ಒಣಗುತ್ತದೆ.

ಹೊರಡುವ ಮೊದಲು ಎಲ್ಲ ಉಡುಪುಗಳನ್ನು ಹಾಸಿಗೆಯ ಮೇಲೆ ಹರಡಿ, ಉಳಿದವುಗಳಲ್ಲಿ ಕನಿಷ್ಠ ಎರಡರೊಂದಿಗೆ ಹೊಂದದ ಉಡುಪನ್ನು ಕೈಬಿಡುವುದು ಸರಳ ಪರೀಕ್ಷೆಯಾಗಿದೆ.

## ಟೀಕೆಗಳು

ಕಡಿಮೆ ಕೊಳ್ಳಬೇಕೆಂಬ ಆಶಯದಿಂದ ಹುಟ್ಟಿದ ಪರಿಕಲ್ಪನೆಯೇ ಇಂದು ಮಾರಾಟದ ಸಾಧನವಾಗಿದೆ ಎಂಬುದು ಇದರ ಮೇಲಿನ ಪ್ರಮುಖ ಟೀಕೆ. ಪ್ರತಿ ಋತುವಿಗೂ ಹೊಸ ‘ಕ್ಯಾಪ್ಸೂಲ್’ ಸಂಗ್ರಹವನ್ನು ಮಾರುವ ಪದ್ಧತಿಯಿಂದ ಮನೆಯಲ್ಲಿರುವ ಉಡುಪುಗಳು ಬಳಕೆಯಾಗದೆ ಉಳಿಯುತ್ತವೆ. ಉತ್ತಮ ಗುಣಮಟ್ಟದ ಕೆಲವೇ ಉಡುಪುಗಳು ಎಂಬ ಸಲಹೆಯು ದುಬಾರಿ ಉಣ್ಣೆ ಮತ್ತು ಕೋಟುಗಳನ್ನು ಕೊಳ್ಳಲಾಗದವರಿಗೆ ನಿಲುಕುವುದಿಲ್ಲ ಎಂಬ ಆಕ್ಷೇಪವೂ ಇದೆ. ಒಮ್ಮೆ ಮಾತ್ರ ವಿದೇಶಕ್ಕೆ ಹೋಗುವ ಕುಟುಂಬಕ್ಕೆ ಕೋಟನ್ನು ಬಂಧುಗಳಿಂದ ಎರವಲು ಪಡೆಯುವುದು ಅಥವಾ ಬಾಡಿಗೆಗೆ ತರುವುದು ಪರ್ಯಾಯವಾಗಿದೆ. ಚಿಕ್ಕ ಮಕ್ಕಳೊಂದಿಗೆ ಪ್ರಯಾಣಿಸುವವರಿಗೆ ಹಾಗೂ ಮದುವೆಯಂತಹ ಸಮಾರಂಭಕ್ಕೆ ಹೋಗುವವರಿಗೆ ಇಷ್ಟು ಮಿತವಾದ ಸಂಗ್ರಹ ಸಾಲುವುದಿಲ್ಲ.

## ಇವನ್ನೂ ನೋಡಿ

* ಉಡುಪು
* ಉಣ್ಣೆ
* ಮೈಸೂರು ರೇಷ್ಮೆ
* ವಸಂತ ಋತು
* ಪ್ರವಾಸೋದ್ಯಮ